ಶತ್ರುವಿಗೊಂದು ಲೋಟ

ಇಂಡಿ ಪಟ್ಟಣದ ಕಾಲೇಜೊಂದರಲ್ಲಿ ನಾನು ರಾಜ್ಯಶಾಸ್ತ್ರ ಕಲಿಸುತ್ತೇನೆ. ಹೋದ ಬೇಸಿಗೆಯಲ್ಲಿ ಒಂದು ದಿನ ತರಗತಿಯಲ್ಲಿ ಚರ್ಚೆ ಇಟ್ಟೆ: ಸೆರೆಸಿಕ್ಕ ಶತ್ರು ಸೈನಿಕನಿಗೆ ಚಿತ್ರಹಿಂಸೆ ಕೊಡಬಹುದೇ? ದೊಡ್ಡ ನಿಂಬೆ ತೋಟದ ಒಡೆಯರ ಮಗನೊಬ್ಬ ಎದ್ದು ಎಲ್ಲರ ಬಾಯಿ ಮುಚ್ಚಿಸಿದ.

"ಹೊಡಿಯೂದಷ್ಟ ಹಿಂಸಾ ಅಲ್ರಿ ಸರ್. ಮನುಷ್ಯಾನ ಮರ್ಯಾದಿ ತಗಿಯೂದೂ ಹಿಂಸಾನ. ನಮ್ಮ ಸೈನಿಕರು ಕುಡಿಯೂ ಲೋಟದಾಗ ಅವಂಗೂ ನೀರು ಕೊಡಬೇಕ್ರಿ."

ಚಪ್ಪಾಳೆ ಬಿತ್ತು. ನಾನೂ ತಟ್ಟಿದೆ. ಇಂಥ ಮಾತು ಕೇಳಿದರೆ ನಮ್ಮಂಥ ಮಾಸ್ತರರಿಗೆ ಹೊಟ್ಟೆ ತುಂಬಿಬಿಡುತ್ತದೆ.

ಆಗ ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ ಎದ್ದಳು. ಅವಳ ತಾಯಿ ಅದೇ ತೋಟದಲ್ಲಿ ನಿಂಬೆಹಣ್ಣು ಆರಿಸುವ ಕೂಲಿಯವಳು.

"ನಿಮ್ಮ ತ್ವಾಟದಾಗ ನಮ್ಮವ್ವ ನೀರು ಕೇಳಿದ್ರ ಲೋಟ ಮುಟ್ಟಗೊಡಂಗಿಲ್ಲ. ಬೊಗಸಿ ಒಡ್ಡಿಸಿ ಮ್ಯಾಲಿಂದ ಸುರೀತೀರಿ. ಅದಕ್ಕೇನಂತೀರಿ?"

ಹುಡುಗನ ಮುಖ ಕೆಂಪಾಯಿತು. ನಾಚಿಕೆಗಲ್ಲ, ಸಿಟ್ಟಿಗೆ. ಅವಳತ್ತ ತಿರುಗಿಯೂ ನೋಡದೆ ನನಗೆ ಹೇಳಿದ: "ಅದು ಮನಿ ಪದ್ಧತಿ ಐತ್ರಿ ಸರ್. ಇಲ್ಲಿ ಯುದ್ಧದ ವಿಷಯ ನಡದೈತಿ. ಆಕಿಗೆ ಕುಂದ್ರಾಕ ಹೇಳ್ರಿ."

ಅರ್ಧ ತರಗತಿ ಹೌದೆಂದು ತಲೆಯಾಡಿಸಿತು. ಎಂದೂ ಕಾಣದ ಪರದೇಶದ ಸೈನಿಕನಿಗಾಗಿ ಆಗಷ್ಟೇ ಚಪ್ಪಾಳೆ ತಟ್ಟಿದ ಕೈಗಳು ಬೆಂಚಿನ ಮೇಲೆ ತೆಪ್ಪಗೆ ಬಿದ್ದಿದ್ದವು. ನನ್ನವೂ ಮೇಜಿನ ಮೇಲಿದ್ದವು.

ಹುಡುಗಿ ಕೂರಲಿಲ್ಲ.

"ಹಂಗಾರ ಯಾವುದಾರ ಯುದ್ಧದಾಗ ನಮ್ಮವ್ವನ್ನೂ ಸೆರಿ ಹಿಡೀರಿ," ಎಂದಳು. "ಆಗಾರ ಲೋಟ ಸಿಗತೈತಿ."