ಹಲ್ಲಿನಿಂದ ದಾರ ಕಡಿಯದ ದಾನೇಶ್ವರಿ

ಬೊಮ್ಮನಹಳ್ಳಿಯ ಒಂದೇ ಕೋಣೆಯ ಮನೆಗೆ ಇನ್ನೂ ಸರಿಯಾಗಿ ಬೆಳಕು ಬಂದಿಲ್ಲ. ದಾನೇಶ್ವರಿ ಬಾಗಿಲ ಬಳಿ ಕೂತು ತಿಳಿಹಳದಿ ಸೀರೆಗೆ ಫಾಲ್ ಹೊಲಿಯುತ್ತಿದ್ದಾರೆ. ಗಂಟು ಹಾಕಿ, ಅಭ್ಯಾಸದಂತೆ ದಾರವನ್ನು ಬಾಯಿಯ ಹತ್ತಿರ ಒಯ್ಯುತ್ತಾರೆ. ಕೈ ಅಲ್ಲೇ ನಿಲ್ಲುತ್ತದೆ. ಕತ್ತರಿ ಹುಡುಕುತ್ತಾರೆ. ರೊಟ್ಟಿ ಬಡಿಯುತ್ತಿರುವ ಅಕ್ಕ ಬಸಕ್ಕ ಅದನ್ನು ನೋಡಿ, ಹಿಟ್ಟಿನ ಕೈ ಒರೆಸಿಕೊಂಡು, ಮೊಬೈಲಿನ ಟಾರ್ಚ್ ಹಚ್ಚಿಕೊಂಡು ಬರುತ್ತಾರೆ.

“ಬಾಯಿ ತೆರಿ, ನೋಡೂಣು.”

“ನಿನ್ನೆ ನೋಡೀಯಲ್ಲ. ರಾತ್ರಿ ಏನ್ ಹೊಸಾ ಹಲ್ಲು ಬಂದಾವನು?” ಎನ್ನುತ್ತಲೇ ತಂಗಿ ಬಾಯಿ ತೆರೆಯುತ್ತಾರೆ. ಮುಂದಿನ ಹಲ್ಲುಗಳ ತುದಿಯಷ್ಟೇ ಕಾಣುತ್ತದೆ. ಉಳಿದದ್ದನ್ನು ಊದಿದ ಕೆಂಪು ಒಸಡು ಮುಚ್ಚಿಕೊಂಡಿದೆ.

ಕೊಪ್ಪಳದ ಕಡೆಯಿಂದ ಬಂದ ಅಕ್ಕತಂಗಿಯರಿವರು. ಬಸಕ್ಕ ಅಪಾರ್ಟ್‌ಮೆಂಟ್‌ಗಳಲ್ಲಿ ಅಡುಗೆ ಮಾಡುತ್ತಾರೆ. ದಾನೇಶ್ವರಿ ಹೊಸೂರು ರಸ್ತೆಯ ಗಾರ್ಮೆಂಟ್ಸಿನಲ್ಲಿ ಗಂಟೆಗೆ ಅರವತ್ತು ಅಂಗಿಗಳಿಗೆ ಕಾಲರ್ ಕೂಡಿಸುತ್ತಾರೆ. ಎರಡು ವರ್ಷದ ಹಿಂದೆ ಅವರ ಎರಡೂ ಕಿಡ್ನಿ ಕೆಟ್ಟಾಗ ಬಸಕ್ಕ ತಮ್ಮದೊಂದನ್ನು ಕೊಟ್ಟರು. ಅದನ್ನು ದೇಹ ಹೊರಗಿನದೆಂದು ತಳ್ಳಿಹಾಕದಂತೆ ಬದುಕಿರುವವರೆಗೂ ಮಾತ್ರೆ ನುಂಗಬೇಕು. ಒಸಡು ಬೆಳೆಸಿದ್ದು ಅದೇ ಮಾತ್ರೆ.

ಫ್ಯಾಕ್ಟರಿಯಲ್ಲಿ ದೂಳಿಗೆಂದು ಎಲ್ಲರೂ ಮುಖಕ್ಕೆ ಬಟ್ಟೆ ಕಟ್ಟಿಕೊಳ್ಳುವುದರಿಂದ ಯಾರಿಗೂ ತಿಳಿದಿರಲಿಲ್ಲ. ಒಂದು ದಿನ ಅವಸರದಲ್ಲಿ ಬಟ್ಟೆ ಸರಿಸಿ ದಾರ ಕಡಿದಾಗ ಬಿಳಿ ಕಾಲರಿನ ಮೇಲೆ ರಕ್ತದ ಹನಿ ಬಿತ್ತು. ಸೂಪರ್‌ವೈಸರ್ ಲೋಕೇಶ್ ಅಂಗಿ ಎತ್ತಿ ಹಿಡಿದು, ಯಾರು ಬೆರಳು ಚುಚ್ಚಿಕೊಂಡಿದ್ದು ಎಂದು ಕೇಳಿದರು. ರೋಗವೆಂದು ಗೊತ್ತಾದರೆ ಕೆಲಸ ಹೋದೀತೆಂದು ದಾನೇಶ್ವರಿ ಮೇಜಿನ ಕೆಳಗೆ ಸೂಜಿಯಿಂದ ಬೆರಳು ಚುಚ್ಚಿಕೊಂಡು ತೋರಿಸಿದರು.

ಆಸ್ಪತ್ರೆಯ ಬೆಂಚಿನಲ್ಲಿ ಸಿಗುವ ಸಿಂಗಸಂದ್ರದ ನರಸಿಂಹಯ್ಯನವರೂ ಅದೇ ಮಾತ್ರೆ ನುಂಗುತ್ತಾರೆ. ಅವರ ಒಸಡಿಗೆ ಏನೂ ಆಗಿಲ್ಲ. ಈ ಮಾತ್ರೆಗೆ ಒಸಡು ಬೆಳೆಯುವ ಗುಣ ಕೆಲವರಿಗೆ ಮಾತ್ರ ಹುಟ್ಟಿನಿಂದಲೇ ಇರುತ್ತದೆ, ಒಡಹುಟ್ಟಿದವರಲ್ಲೂ ಇರಬಹುದು ಎಂದು ಡಾಕ್ಟರು ಹೇಳಿದರು. ಬಸಕ್ಕನ ಕಿವಿಯಲ್ಲಿ ಉಳಿದದ್ದು ಕೊನೆಯ ಮಾತಷ್ಟೇ. ಅಂದಿನಿಂದ ಕನ್ನಡಿಯಲ್ಲಿ ತಮ್ಮ ಒಸಡನ್ನೂ ನೋಡಿಕೊಳ್ಳತೊಡಗಿದರು. “ನಾ ಕೊಟ್ಟದ್ರಾಗ ಏನೋ ಕೆಟ್ಟದ್ದು ಹೋಗೇತಿ” ಎಂದು ಒಲೆಯ ಮುಂದೆ ಕೂತು ಅತ್ತರು.

ಆ ಅಳು ನಿಲ್ಲಲೆಂದು ತಂಗಿ ಯಾರಿಗೂ ಹೇಳದೆ ಸಂಜೆಯ ಮಾತ್ರೆ ಬಿಟ್ಟರು. ಒಸಡು ಇಳಿದರೆ ಅಕ್ಕನ ಅನುಮಾನವೂ ಹೋಗುತ್ತದೆಂಬ ಲೆಕ್ಕ. ಒಸಡು ಹಾಗೇ ಇತ್ತು. ತಿಂಗಳು ಕಳೆದು ರಕ್ತ ಪರೀಕ್ಷೆ ಮಾಡಿಸಿದಾಗ ಅಕ್ಕ ಕೊಟ್ಟ ಕಿಡ್ನಿ ಸೋಲತೊಡಗಿತ್ತು.

ಡಾಕ್ಟರು ಬೈದರು. ಆಮೇಲೆ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು, ಈ ಗುಣ ಇರುವುದು ದಾನೇಶ್ವರಿಯ ಸ್ವಂತ ಒಸಡಿನಲ್ಲಿ, ಕಿಡ್ನಿ ಅದನ್ನು ಹೊತ್ತು ತರುವುದಿಲ್ಲ ಎಂದು ಬಿಡಿಸಿ ಹೇಳಿದರು. ಬೇರೆ ಮಾತ್ರೆ ಬರೆದುಕೊಟ್ಟಿದ್ದಾರೆ. ಕಿಡ್ನಿ ಚೇತರಿಸಿಕೊಂಡರೆ ಬೆಳೆದ ಒಸಡನ್ನು ಕತ್ತರಿಸಬಹುದಂತೆ. ಚೇತರಿಸಿಕೊಂಡಿದೆಯೋ ಇಲ್ಲವೋ ಎಂಬ ರಿಪೋರ್ಟು ನಾಳೆ ಬರುತ್ತದೆ.

“ಒಸಡು ಕಣ್ಣಿಗರೆ ಕಾಣತೈತ್ರಿ” ಎನ್ನುತ್ತಾರೆ ದಾನೇಶ್ವರಿ, ನನ್ನ ಕಡೆ ತಿರುಗಿ, ದನಿ ತಗ್ಗಿಸಿ. “ಒಳಗಿಂದು ಕಾಣಂಗಿಲ್ಲ. ಅಕ್ಕ ಕೊಟ್ಟದ್ದನ್ನ ನಾನ ಕೈಯಾರೆ ಹಾಳ ಮಾಡೀನೇನೋ ಅಂತ ನಿದ್ದಿ ಬರಂಗಿಲ್ರಿ.”

ಡಾಕ್ಟರ ಮಾತನ್ನು ನಂಬಿದ್ದೇನೆ ಎನ್ನುವ ಬಸಕ್ಕ, ಕೆಲಸಕ್ಕೆ ಹೊರಡುವ ಮುನ್ನ ಮತ್ತೊಮ್ಮೆ ಟಾರ್ಚ್ ಹಚ್ಚುತ್ತಾರೆ. ಹೇಳಿಸಿಕೊಳ್ಳದೆಯೇ ತಂಗಿ ಬಾಯಿ ತೆರೆಯುತ್ತಾರೆ. ಅಕ್ಕ ಹೋದ ಮೇಲೆ ದಾನೇಶ್ವರಿ ಹಳದಿ ಸೀರೆಯ ಅಂಚನ್ನು ಉದ್ದಕ್ಕೂ ಬೆಳಕಿಗೆ ಹಿಡಿದು ನೋಡಿ, ಮಡಚಿಡುತ್ತಾರೆ. ಮುಂದೇನು ಆಸೆ ಎಂದು ಕೇಳುತ್ತೇನೆ.

“ದೊಡ್ಡದೇನಿಲ್ರಿ ಅಕ್ಕಾರ. ಮೊದಲಿನಂಗ ಹಲ್ಲಿಲೆ ದಾರ ಕಡೀಬೇಕು. ಕಡದ ಮ್ಯಾಲ ರಕ್ತ ಬಿತ್ತೇನಂತ ಬಟ್ಟಿ ಕಡೆ ನೋಡಬಾರದು.”