ಅವರ ಹೆಸರಿನಲ್ಲಿ ನಾನು ಬರೆದ ಅಭಿಪ್ರಾಯ

ಟಕ್. ಕ್ಯಾಸೆಟ್ಟಿನ ಒಂದು ಮಗ್ಗುಲು ಮುಗಿದಾಗ ನಮ್ಮ ಪ್ಲೇಯರಿನ ಗುಂಡಿ ತಾನಾಗಿ ಮೇಲೆ ಜಿಗಿಯುತ್ತಿದ್ದ ಸದ್ದು ಅದು. ಕೂಡಲೇ ನಮ್ಮ ಮನೆಯವರು ಕುರ್ಚಿಯಿಂದಲೇ ಕೂಗುವರು: "ಏನ್ರೀ ಕಾನ್ವೆಂಟ್ ಬಾಯಾರ, ತಿರುವಿ ಹಾಕ್ರಿ!"

ನಾನು ಸಿಕಂದರಾಬಾದಿನಲ್ಲಿ ನನ್‌ಗಳ ಕೈಕೆಳಗೆ ಓದಿದವಳು ಎಂಬುದು ಮದುವೆಯಾದಂದಿನಿಂದ ಅವರಿಗೆ ತಮಾಷೆ. ಅವರು ಬೀದರ್ ಕಡೆಯವರು. ಸಿಕಂದರಾಬಾದಿನ ಹತ್ತಿರದ ಜೀಡಿಮೆಟ್ಲಾದ ಔಷಧ ಕಾರ್ಖಾನೆಯೊಂದರಲ್ಲಿ ಕೆಮಿಸ್ಟ್ ಆಗಿದ್ದು ರಿಟೈರ್ ಆದವರು. ಆಮೇಲೆ ಸಕ್ಕರೆ ಕಾಯಿಲೆ ಅವರ ಎರಡೂ ಕಣ್ಣು ತೆಗೆದುಕೊಂಡಿತು.

ಊರಿಗೆ ಊರೇ ಸಾಫ್ಟ್‌ವೇರ್ ಎಂದು ಓಡುತ್ತಿದ್ದ ವರ್ಷಗಳವು. ನಾವಿಬ್ಬರು ಮಾತ್ರ ಕೂತಲ್ಲೇ ಕೂತು ಪುಸ್ತಕ ಕೇಳುತ್ತಿದ್ದೆವು. ಕಣ್ಣಿಲ್ಲದವರಿಗಾಗಿ ಇಂಗ್ಲಿಷ್ ಪುಸ್ತಕಗಳನ್ನು ಓದಿಸಿ ಕ್ಯಾಸೆಟ್ ಮಾಡಿಕೊಡುವ ಒಂದು ಚಿಕ್ಕ ಲೈಬ್ರರಿಯಿತ್ತು. ಓದುವವರೆಲ್ಲ ವಾಲಂಟಿಯರ್ಸ್. ಕಥೆ, ಕಾದಂಬರಿ ಇವರಿಗೆ ಬೇಡ. "ಖರೇ ಇದ್ದದ್ದು ತಗೊಂಡ್ ಬಾ" ಅನ್ನುವರು.

ಹಾಗೆ ಎಷ್ಟೋ ಕೇಳಿದೆವು. ಬಿಸಿನೆಸ್ ಪುಸ್ತಕಗಳು ನನಗೆ ಸೇರಲೇ ಇಲ್ಲ. ಕಣ್ಣಲ್ಲಿ ಓದುವಾಗ ಹಾಳೆ ಹಾರಿಸಿಬಿಡಬಹುದು, ಕಿವಿಗೆ ಆ ಸೌಕರ್ಯವಿಲ್ಲ. ಒಂದೇ ಮಾತು, ಹನ್ನೆರಡು ಅಧ್ಯಾಯ. ಇವರು ನಗುವರು: "ಇನ್ನೂ ರೊಟ್ಟಿ ಬಡಿಯಾಕತ್ತಾನ ನೋಡು, ಹಂಚಿಗಿ ಹಾಕವಲ್ಲ." ಬಯೋಗ್ರಫಿ ಎಂದರೆ ದೊಡ್ಡ ಮನುಷ್ಯನ ಹೆಂಡತಿ ಒಂದು ಸಾಲಿನಲ್ಲಿ ಬರುತ್ತಾಳೆ, ಇನ್ನೊಂದು ಸಾಲಿನಲ್ಲಿ ತೀರಿಕೊಳ್ಳುತ್ತಾಳೆ. "ಅಕಿ ಹ್ಯಾಂಗಿದ್ದಳು ಅಂತ ಬರ್ದೇ ಇಲ್ಲಲ್ಲ" ಎಂದು ಇವರೇ ಬೇಸರಪಟ್ಟುಕೊಳ್ಳುವರು. ಆ ಮಾತಿಗೆ ನಾನು ಮನಸ್ಸಿನಲ್ಲೇ ಥ್ಯಾಂಕ್ಸ್ ಹೇಳುತ್ತಿದ್ದೆ.

ಆದರೆ ಸೈನ್ಸ್! ಸೈನ್ಸ್ ಪುಸ್ತಕ ಬಂದರೆ ಇವರ ಬೆನ್ನು ನೆಟ್ಟಗಾಗುತ್ತಿತ್ತು. ಅವನ್ನು ಹೆಚ್ಚಾಗಿ ಓದುತ್ತಿದ್ದವರು ಒಬ್ಬರೇ. ರಾಯಚೂರು ಕಡೆಯವರು, ಐವತ್ತರ ಆಸುಪಾಸು, ಪಟಾನ್‌ಚೆರುವಿನ ಕಾರ್ಖಾನೆಯಲ್ಲಿ ಶಿಫ್ಟ್ ಮುಗಿಸಿ ಬಂದು ಓದುವರು. ಲೈಬ್ರರಿಯಲ್ಲಿ ಒಮ್ಮೆ ನೋಡಿದ್ದೆ. ಬೆರಳ ತುದಿಗಳಲ್ಲಿ ಹಳದಿ ಕಲೆ, ಅಂಗಿಗೆ ಕೆಮಿಕಲ್ ವಾಸನೆ. ಫಿಸಿಕ್ಸ್ ಅವರ ಬಾಯಲ್ಲಿ ಪಿಜಿಕ್ಸ್, ಸ್ಪಿರಿಟ್ ಎನ್ನುವುದು ಇಸ್ಪಿರಿಟ್. ಪುಸ್ತಕದಲ್ಲಿ ಚಿತ್ರ ಬಂದರೆ ಓದು ನಿಲ್ಲಿಸಿ, "ಲಿಸನರ್ಸ್, ಹಿಯರ್ ಒನ್ ಪಿಕ್ಚರ್ ಈಸ್ ದೇರ್. ಸ್ಲೋಲಿ ಐ ಆಮ್ ಟೆಲ್ಲಿಂಗ್" ಎನ್ನುವರು. ಪುಸ್ತಕದಲ್ಲಿಲ್ಲದ್ದನ್ನು ಸೇರಿಸುವುದೆಂದರೇನು? ನನ್ನ ಮೈ ಉರಿಯುತ್ತಿತ್ತು. ಇವರೋ, ಅವರು ಹೇಳಿದ ಹಾಗೆ ಗಾಳಿಯಲ್ಲಿ ಬೆರಳಾಡಿಸಿ ಫ್ಲಾಸ್ಕ್ ಬರೆಯುವರು, ಅದರ ಕೊಳವೆ ಬರೆಯುವರು.

ಲೈಬ್ರರಿಯಿಂದ ಬರುವ ಪ್ರತಿ ಕ್ಯಾಸೆಟ್ ಡಬ್ಬಿಯೊಳಗೆ ಒಂದು ಚೀಟಿ ಇರುತ್ತಿತ್ತು: ಲಿಸನರ್ಸ್ ಒಪೀನಿಯನ್. ಕೇಳಿದವರು ಹೇಳಬೇಕು, ಮನೆಯಲ್ಲಿ ಕಣ್ಣಿದ್ದವರು ಬರೆಯಬೇಕು, ಕೆಳಗೆ ಕೇಳಿದವರ ಹೆಸರು.

"ಭಾಳ ಚಲೋ ಓದ್ಯಾನ ಅಂತ ಬರಿ. ಇವ ತಿಳಕೊಂಡು ಓದ್ತಾನ" ಅಂದರು ಇವರು.

"ಬರೆದೆ ರೀ" ಅಂದೆ.

ಬರೆದದ್ದು ಬೇರೆ. ಪ್ರೊನನ್ಸಿಯೇಷನ್ ಅಸಹ್ಯ, ಸ್ವಂತ ಮಾತು ಸೇರಿಸುತ್ತಾರೆ, ಓದುವವರನ್ನು ಬದಲಾಯಿಸಿದರೆ ಒಳ್ಳೆಯದು ಎಂದು ನನ್‌ಗಳು ಕಲಿಸಿದ ಮುದ್ದಾದ ಕರ್ಸಿವ್ ಅಕ್ಷರಗಳಲ್ಲಿ ಬರೆದು, ಕೆಳಗೆ ನಮ್ಮ ಮನೆಯವರ ಹೆಸರು ಹಾಕಿದೆ. ಒಂದು ಸಲವಲ್ಲ, ಮೂರು ಡಬ್ಬಿಗಳಲ್ಲಿ.

ನಾಲ್ಕನೆಯ ಡಬ್ಬಿಯಲ್ಲಿ ಹೊಸ ದನಿ. ಕಾಲ್ ಸೆಂಟರಿನಲ್ಲಿ ಟ್ರೈನಿಂಗ್ ಆದ ದನಿಯಿರಬೇಕು, ಒಂದಕ್ಷರ ಆಚೀಚೆ ಇಲ್ಲ. ನನಗೆ ಹಾಲು ಕುಡಿದಷ್ಟು ಸಂತೋಷ. ಆ ದನಿ "ಚಿತ್ರದಲ್ಲಿ ತೋರಿಸಿದಂತೆ" ಎಂಬರ್ಥದ ಸಾಲನ್ನು ಸರಾಗವಾಗಿ ಓದಿ ಮುಂದೆ ಹೋಯಿತು. ಇವರ ಬೆರಳು ಗಾಳಿಯಲ್ಲೇ ನಿಂತಿತು.

"ತೋರ್ಸ್ಯಾರಂತ. ಯಾರಿಗಿ?" ಅಂದರು.

ಮಗ್ಗುಲು ಮುಗಿದರೂ ತಿರುವಿ ಹಾಕು ಎನ್ನಲಿಲ್ಲ. ಆ ವಾರ, ಮುಂದಿನ ವಾರ, ನಾನೇ ಹಾಕಿದರೂ ಕೇಳಲಿಲ್ಲ. "ನಮ್ಮ ಪಿಜಿಕ್ಸ್ ಮಾಸ್ತರ ಬಂದರ ಹೇಳು" ಎಂದು ಗೋಡೆಯ ಕಡೆ ಹೊರಳಿದರು. ಊಟ ಕಡಿಮೆಯಾಯಿತು, ಮಾತೂ. ಆಗ ನನಗೆ ಭಯವಾಯಿತು. ಇವರ ದಿನದಲ್ಲಿ ಉಳಿದಿದ್ದ ಒಂದೇ ಒಂದು ಬೆಳಕನ್ನು ನನ್ನ ಕೈಯಾರೆ ಆರಿಸಿದ್ದೆ, ಅದೂ ಇವರದೇ ಹೆಸರಿನಲ್ಲಿ.

ಲೈಬ್ರರಿಗೆ ಹೋಗಿ, ಮೊದಲು ಓದುತ್ತಿದ್ದವರನ್ನೇ ಕರೆಸಿ ಎಂದು ಬೇಡಿಕೊಂಡೆ. ಅಲ್ಲಿನಾಕೆ, "ನಾವೇನೂ ಬೇಡ ಅನ್ನಲಿಲ್ಲ ಮೇಡಂ. ಚೀಟಿ ತೋರಿಸಿದೆವು, ಅವರೇ ಬಿಟ್ಟರು. ಸಂಜೆ ಅಮೀರ್‌ಪೇಟೆಯಲ್ಲಿ ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಹೋಗುತ್ತಾರಂತೆ" ಎಂದಳು.

ಮರುದಿನ ಸಂಜೆ ಆ ಕ್ಲಾಸಿನ ಮೆಟ್ಟಿಲ ಬುಡದಲ್ಲಿ ನಿಂತೆ. ಇಪ್ಪತ್ತರ ಹುಡುಗ ಹುಡುಗಿಯರು ದಡದಡ ಇಳಿದು ಹೋದ ಮೇಲೆ, ಕೊನೆಯಲ್ಲಿ ಅವರು ಬಂದರು. ಕಂಕುಳಲ್ಲಿ ನೋಟ್‌ಬುಕ್ಕು, ಬೆರಳಲ್ಲಿ ಅದೇ ಹಳದಿ ಕಲೆ. ಹೆಸರು ಹೇಳದೆ, ನಿಮ್ಮ ಕ್ಯಾಸೆಟ್ ಕೇಳುವವರೊಬ್ಬರ ಮನೆಯವಳು ಎಂದಷ್ಟೇ ಅಂದೆ. ಅವರ ಮುಖ ಅರಳಿತು. ಬಸ್ ಸ್ಟಾಪಿನವರೆಗೆ ಜೊತೆಯಾಗಿ ನಡೆದೆವು.

"ಮನೆಗೇ ಬಂದು ಓದಿ. ಇವರು ಕಾಯ್ತಿದ್ದಾರೆ" ಅಂದೆ.

"ಈಗ ಬ್ಯಾಡ್ರಿ ಅಮ್ಮಾರ. ಒಬ್ಬ ಲಿಸನರ್ ಮೂರು ಸಲ ಬರದಾರ, ನನ್ನ ಇಂಗ್ಲಿಷ್ ಸರಿ ಇಲ್ಲಂತ. ಕಣ್ಣಿಲ್ಲದ ಮನಶ್ಯಾ ಸುಳ್ಳ್ಯಾಕ ಬರಸ್ತಾರ್ರೀ? ಅವರಿಗೆ ತ್ರಾಸ ಕೊಟ್ಟೆನಲ್ಲ ಅಂತ ಭಾಳ ಕೆಟ್ಟ ಅನಿಸೈತಿ. ಕೋರ್ಸ್ ಮುಗಿಲಿ, ತಪ್ಪಿಲ್ದಂಗ ಓದ್ತೀನಿ."

ಬಸ್ ಬರಲು ಬಹಳ ಹೊತ್ತಿತ್ತು. ಆ ಚೀಟಿ ಬರೆದವಳು ನಾನು ಎಂದು ಹೇಳಬಹುದಿತ್ತು. ನಾಲಿಗೆ ಏಳಲಿಲ್ಲ. ಅಷ್ಟು ಚೆಂದದ ಇಂಗ್ಲಿಷ್ ಕಲಿತ ನಾಲಿಗೆ! "ಹಾಗೇ ಆಗಲಿ" ಅಂದೆ, ಅಷ್ಟೆ.

ಅವರ ಕೋರ್ಸ್ ಮುಗಿಯುವಷ್ಟರಲ್ಲಿ ನಮ್ಮ ಮನೆಯವರೇ ಇರಲಿಲ್ಲ. ಕೊನೆಯ ದಿನಗಳಲ್ಲೂ ಆ ಮಾಸ್ತರನನ್ನು ಕೇಳುತ್ತಿದ್ದರು. ಇವರಿಗೂ ನಾನು ಹೇಳಲಿಲ್ಲ. ಲೈಬ್ರರಿಯ ಕಡೆ ಮತ್ತೆ ಕಾಲಿಡಲಿಲ್ಲ.

ಆ ಸಂಜೆ ಪಟಾನ್‌ಚೆರು ಬಸ್ ಬಂದಾಗ ಅವರು ನನಗೆ ಕೈಮುಗಿದು ಹತ್ತಿದರು. ಕಿಟಕಿ ಪಕ್ಕ ಸೀಟು ಸಿಕ್ಕಿತು. ನೋಟ್‌ಬುಕ್ಕು ತೆರೆದು ಒಂದು ಪದದ ಮೇಲೆ ಬೆರಳಿಟ್ಟರು. ಬಸ್ ಹೊರಡುವಾಗ ಅವರ ತುಟಿಗಳು ಆಡುತ್ತಲೇ ಇದ್ದವು, ಒಂದೇ ಪದವನ್ನು, ಮತ್ತೆ ಮತ್ತೆ.