ಅಂಚು ಕಚ್ಚಿದ ರೂಪಾಯಿ

ಗಂಗಾವತಿಯಲ್ಲಿ ನಾಣ್ಯಗಳ ಸಾಚಾತನ ಪರೀಕ್ಷಿಸುವ ನಮ್ಮ ಎದುರು ಮನೆಯ ಸರಾಫರು ಬೆರಳುಗಳನ್ನು ಧೋತರಕ್ಕೆ ಒರೆಸಿಕೊಂಡೇ ನಾಣ್ಯ ಮುಟ್ಟುತ್ತಿದ್ದರು. "ಹುಟ್ಟುಮಚ್ಚಿ ಐತೇನ, ಆಮ್ಯಾಲಾದ ಗಾಯ ಐತೇನ?" ಎಂದು ನಾಣ್ಯವನ್ನೇ ಕೇಳುತ್ತಿದ್ದರು.

ನಿಜಾಮರ ಕಾಲ. ನಾನು ರಜೆಗೆಂದು ಕಾನ್ವೆಂಟಿನಿಂದ ಬಂದಿದ್ದೆ. ಪೊಲೀಸ್ ಅಮೀನರು ಕಾರಟಗಿಯ ಗಾಡಿಯವನೊಬ್ಬನನ್ನು ಸರಾಫರ ಕಟ್ಟೆಗೆ ಎಳೆದು ತಂದರು. ಅವನ ಬಳಿ ಅಂಚು ಕಚ್ಚಿದಂತಿದ್ದ ರೂಪಾಯಿಯೊಂದು ಸಿಕ್ಕಿತ್ತು. ಬೆಳ್ಳಿಯಾಸೆಗೆ ಅವನೇ ಕತ್ತರಿಸಿದ್ದಾನೆಂಬುದು ಆರೋಪ.

ಸರಾಫರು ಅಂಚಿನ ಮೇಲೆ ಉಗುರಾಡಿಸಿದರು. "ಕತ್ತರಿಸಿಲ್ರಿ ಸಾಹೇಬ್ರ. ಕತ್ತರಿಸಿದ್ರ ಅಕ್ಷರ ತುಂಡಾಗ್ತಿದ್ವು. ಇಲ್ಲಿ ನೋಡ್ರಿ, ಅಂಚಿನ ಕಡೆ ಜಗ್ಗಿಕೊಂಡಾವ. ನಾಣ್ಯ ಅಚ್ಚು ಹಾಕೂ ಟಂಕಸಾಲ್ಯಾಗ ಹಿಂಗ ಹುಟ್ಟೇತಿ."

"ಸರ್ಕಾರದ ಟಂಕಸಾಲಿ ತಪ್ಪು ಮಾಡ್ತೈತಿ ಅಂತೀಯೇನು? ಖೊಟ್ಟಿ ನಾಣ್ಯ ತುಂಡು ಮಾಡೂದು ಕಾಯಿದಾ. ಮಾಡು. ಇಲ್ಲಾಂದ್ರ ನೀನೂ ನಡಿ ಠಾಣಾಕ್ಕ," ಎಂದರು ಅಮೀನರು.

"ಅಪ್ಪಾರ, ಇನ್ನೊಮ್ಮೆ ಹೇಳ್ರಿ," ಎಂದ ಗಾಡಿಯವನು ಸರಾಫರತ್ತ ತಿರುಗಿ.

ಸರಾಫರು ಸುತ್ತಿಗೆ ಕೈಗೆತ್ತಿಕೊಂಡರು. ಆ ಅಂಚಿನ ಮೇಲೆಯೇ ಉಳಿಯಿಟ್ಟು ಎರಡು ಏಟು ಹಾಕಿದರು. ಜಗ್ಗಿಕೊಂಡಿದ್ದ ಅಕ್ಷರಗಳು ತುಂಡಾದವು. ಅಮೀನರು ಆ ಚೂರುಗಳನ್ನು ಪುರಾವೆಯೆಂದು ಕರವಸ್ತ್ರದಲ್ಲಿ ಕಟ್ಟಿಕೊಂಡು, ಗಾಡಿಯವನನ್ನು ಕರೆದೊಯ್ದರು.

ಎತ್ತುಗಳು ನೊಗ ಹೊತ್ತು ಬೀದಿಯಲ್ಲೇ ನಿಂತಿದ್ದವು. ಸಂಜೆ ಸರಾಫರೇ ಬಂದು ಅವುಗಳನ್ನು ಬಿಚ್ಚಿ ನೀರು ಕುಡಿಸಿದರು. ಎಲ್ಲವನ್ನೂ ನೋಡುತ್ತ ನಮ್ಮ ಮನೆ ಬಾಗಿಲಲ್ಲಿ ನಿಂತಿದ್ದ ನನ್ನ ತಾಯಿಯ ಮುಖವನ್ನು ನೋಡದೆ ಒಳಗೆ ಹೋಗಿ ಕದ ಹಾಕಿಕೊಂಡರು.